ಕೊಂಡ್ಲಹಳ್ಳಿ ಗುಡ್ಡದ ಸ್ಟೀಲ್ ಡಬ್ಬಿ

ಚಳ್ಳಕೆರೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ಅಪ್ಪನ ಕಾಲದಲ್ಲಿ ತಾಮ್ರ, ಹಿತ್ತಾಳೆ ಇತ್ತು. ನನ್ನ ಕಾಲಕ್ಕೆ ಎಲ್ಲಾ ಸ್ಟೀಲು. ಪಾತ್ರೆ ಮಾರುವವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಕೈಗೆ ಬಂದ ಯಾವ ವಸ್ತುವನ್ನಾದರೂ ಒಮ್ಮೆ ಮೇಲೆ ಕೆಳಗೆ ಆಡಿಸಿ ಭಾರ ನೋಡುತ್ತಾನೆ, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾನೆ. ಮದುವೆ ಮನೆಯ ಊಟದಲ್ಲಿ ಕೂತಾಗಲೂ ನೀರಿನ ಲೋಟವನ್ನು ನಾನು ಹೀಗೆ ಪರೀಕ್ಷೆ ಮಾಡುತ್ತೇನೆ. ಪಕ್ಕದಲ್ಲಿ ಕೂತ ಹೆಂಡತಿ ಮೊಣಕೈಯಿಂದ ತಿವಿಯುತ್ತಾಳೆ.

ತಿವಿದರೇನು, ಕಂಡದ್ದು ಕಾಣದೆ ಹೋಗುತ್ತದೆಯೇ? ನನ್ನ ಕಣ್ಣೆದುರಿಗೇ ಸ್ಟೀಲು ವರ್ಷದಿಂದ ವರ್ಷಕ್ಕೆ ತೆಳ್ಳಗಾಯಿತು. ನಮ್ಮ ಕಡೆ ಮುಯ್ಯಿ ಎನ್ನುವ ಪದ್ಧತಿ ಇದೆ. ನಮ್ಮ ಮನೆಯ ಕಾರ್ಯಕ್ಕೆ ಒಬ್ಬರು ಏನು ತಂದರೋ ಅದನ್ನು ನೆನಪಿಟ್ಟುಕೊಂಡು, ಅವರ ಮನೆಯ ಕಾರ್ಯಕ್ಕೆ ಅದಕ್ಕೆ ಸಮನಾದದ್ದನ್ನು, ಸಾಧ್ಯವಾದರೆ ಒಂದು ಕೈ ಮೇಲಾದದ್ದನ್ನೇ ಒಯ್ಯಬೇಕು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಂಗಡಿಗೆ ಬರುವವರ ಮಾತೇ ಬೇರೆಯಾಯಿತು. "ಮುಯ್ಯಿ ಮಾಡಾಕೆ ಬೇಕು ಕಣ್ರಿ. ನೋಡಾಕೆ ದೊಡ್ಡದಿರ್ಬೇಕು, ರೇಟು ಸಣ್ಣದಿರ್ಬೇಕು." ಒಮ್ಮೆ ನನ್ನಿವಾಳದವರೊಬ್ಬರು ಒಂದು ಕೊಳಗ ತಂದು, ಹಳೆಯ ಹೆಸರು ಉಜ್ಜಿ ಹೊಸ ಹೆಸರು ಹಾಕಿಕೊಡಿ ಎಂದರು. ಹೆಸರು ಕೆತ್ತುವ ಮಿಷನ್ನು ನಮ್ಮಲ್ಲೇ ಇತ್ತು. ತಿರುಗಿಸಿ ನೋಡಿದರೆ ಉಜ್ಜಿದ ಗುರುತಿನ ಮೇಲೆ ಇನ್ನೊಂದು ಉಜ್ಜಿದ ಗುರುತು. ನಾಲ್ಕು ಮನೆ ಸುತ್ತಿದ ಆ ಕೊಳಗದಲ್ಲಿ ಯಾರೂ ಒಂದು ದಿನ ಅನ್ನ ಮಾಡಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಹೆಸರು ಹಾಕಿಕೊಟ್ಟೆ, ಏಕೆಂದರೆ ನನ್ನ ಹೊಟ್ಟೆಯೂ ತುಂಬಬೇಕಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆಯ ಗುಡ್ಡಗಳ ಮೇಲೆ ಗಾಳಿ ಅಳೆಯುವ ಕಂಬಗಳು ಎದ್ದವು. ಆ ಕೆಲಸಕ್ಕೆ ಬಂದ ಒಬ್ಬ ಇಂಜಿನಿಯರ್ ಹುಡುಗ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಉತ್ತರದ ಕಡೆಯವನು, ಕನ್ನಡವನ್ನು ಅಷ್ಟಿಷ್ಟು ಕಲಿತಿದ್ದ. ಮೊಬೈಲಿಗಿಂತ ದಪ್ಪಗಿನ ಒಂದು ಯಂತ್ರ ಅವನ ಸೊಂಟದಲ್ಲಿ ನೇತಾಡುತ್ತಿತ್ತು. ಮನುಷ್ಯ ಭೂಮಿಯ ಮೇಲೆ ಎಲ್ಲಿ ನಿಂತಿದ್ದಾನೆ ಎನ್ನುವುದನ್ನು ಅದು ಅಂಕಿಗಳಲ್ಲಿ ತೋರಿಸುತ್ತಿತ್ತು. ನಾನು ಎಲ್ಲಿ ನಿಂತಿದ್ದೇನೆ ಅಂತ ನನಗೇ ಗೊತ್ತಿರುವಾಗ ಇದೊಂದು ಯಾಕಪ್ಪ ಎಂದು ನಾನು ಅವನನ್ನು ರೇಗಿಸುತ್ತಿದ್ದೆ.

ಒಂದು ದಿನ ಅಂಗಡಿಗೆ ಬಂದವನು, "ಅಣ್ಣಾ, ನೀರು ಹೋಗಬಾರದು, ಇರುವೆ ಹೋಗಬಾರದು, ಅಂಥ ಡಬ್ಬಿ ಕೊಡಿ" ಎಂದ. ದಪ್ಪ ಗೇಜಿನದು, ಮುಚ್ಚಳಕ್ಕೆ ರಬ್ಬರು, ಎರಡು ಕಡೆ ಕ್ಲಿಪ್ಪು ಇದ್ದ ಒಂದು ಡಬ್ಬಿಯನ್ನು ತೆಗೆದುಕೊಟ್ಟೆ. ನನ್ನ ಅಂಗಡಿಯಲ್ಲಿ ಇನ್ನೂ ಉಳಿದಿದ್ದ ಹಳೆಯ ಕಾಲದ ಮಾಲು ಅದು. ತಟ್ಟಿದರೆ ದೇವಸ್ಥಾನದ ಗಂಟೆಯ ಹಾಗೆ ಎಷ್ಟೋ ಹೊತ್ತು ಸದ್ದು ಬರುತ್ತಿತ್ತು.

ಅದು ಯಾತಕ್ಕೆ ಎಂದು ಅವನು ಸಂಜೆ ಮನೆಯ ಪಡಸಾಲೆಯಲ್ಲಿ ವಿವರಿಸಿದ. ಜಗತ್ತಿನ ಎಲ್ಲಾ ಕಡೆ ಈಗ ಇಂಥದೊಂದು ಆಟ ನಡೆಯುತ್ತದಂತೆ, ಜಿಯೊಕ್ಯಾಶಿಂಗ್ ಎಂದು ಹೆಸರು. ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಹಾಕುತ್ತಾರೆ. ಅವನಲ್ಲಿರುವಂಥ ಯಂತ್ರ ಇರುವವರು ಹುಡುಕಿಕೊಂಡು ಬರುತ್ತಾರೆ. ಡಬ್ಬಿಯೊಳಗಿನ ಚಿಕ್ಕಪುಟ್ಟ ಸಾಮಾನಿನಲ್ಲಿ ಇಷ್ಟವಾದ ಒಂದನ್ನು ತೆಗೆದುಕೊಳ್ಳಬಹುದು. ಆದರೆ ತೆಗೆದುಕೊಂಡದ್ದಕ್ಕೆ ಸಮನಾದದ್ದನ್ನೋ ಅದಕ್ಕಿಂತ ಒಳ್ಳೆಯದನ್ನೋ ಇಟ್ಟು ಹೋಗಬೇಕು. ತಿನ್ನುವ ಪದಾರ್ಥ ಮಾತ್ರ ಇಡಬಾರದು. ನೋಡುವವರು, ಕಾಯುವವರು ಯಾರೂ ಇರುವುದಿಲ್ಲ.

ಮೂಲೆಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡು, "ಅಂದ್ರೆ ಬರೀ ಪಾತ್ರೆ ವಾಪಸ್ ಕೊಡಬಾರ್ದು ಅಂತ ತಾನೆ? ಇಷ್ಟು ಹೇಳಾಕೆ ಮಿಷನ್ ಯಾಕೆ ಬೇಕಪ್ಪ?" ಎಂದಳು.

ಅವಳ ಮಟ್ಟಿಗೆ ಅದು ಸರಿಯೇ. ಪಕ್ಕದ ಮನೆಯಿಂದ ಒಂದು ಬಟ್ಟಲಲ್ಲಿ ಸಾರೋ ಹೋಳಿಗೆಯೋ ಬಂದರೆ ಅವ್ವ ಆ ಬಟ್ಟಲನ್ನು ತೊಳೆದು ಖಾಲಿ ವಾಪಸ್ ಕಳಿಸಿದವಳಲ್ಲ. ಒಂದು ಹಿಡಿ ಶೇಂಗಾವನ್ನೋ ಚೂರು ಸಕ್ಕರೆಯನ್ನೋ ಹಾಕಿಯೇ ಕೊಡುತ್ತಿದ್ದಳು. ಬಂದದ್ದು ಹೋಳಿಗೆಯಾಗಿದ್ದರೆ ಸಕ್ಕರೆ ಸಾಲದು; ಮನೆಯಲ್ಲಿ ಅದಕ್ಕೆ ತಕ್ಕದ್ದು ಏನಾದರೂ ಮಾಡುವವರೆಗೆ ಬಟ್ಟಲು ನಮ್ಮ ಅಡುಗೆಮನೆಯ ಗೂಡಿನಲ್ಲೇ ಇರುತ್ತಿತ್ತು. ಒಮ್ಮೆ ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗೂ ಹಾಗೇ ಇತ್ತು. ಪಕ್ಕದ ಮನೆಯವರು ಕೇಳಲಿಲ್ಲ. ಬಟ್ಟಲು ಯಾಕೆ ತಡವಾಗಿದೆ ಎಂದು ಅವರಿಗೂ ಗೊತ್ತಿತ್ತು.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ, ಅವ್ವನ ತವರೂರು ಕೊಂಡ್ಲಹಳ್ಳಿಯ ಹತ್ತಿರ, ಬಂಡೆಗಳೇ ಒಂದರ ಮೇಲೊಂದು ಕೂತ ಗುಡ್ಡಗಳಿವೆ. ಒಂದು ಭಾನುವಾರ ನಾವಿಬ್ಬರೂ ಹೋಗಿ, ಮಣ್ಣಿನ ದಾರಿಯಿಂದ ತುಸುವೇ ಮೇಲೆ, ಎರಡು ಬಂಡೆಗಳ ಸಂದಿಯಲ್ಲಿ ಡಬ್ಬಿ ಇಟ್ಟು ಮುಂದೆ ಒಂದು ಚಪ್ಪಟೆ ಕಲ್ಲು ಅಡ್ಡ ಮಾಡಿ ಬಂದೆವು. ಅವನು ಒಂದು ಪುಟ್ಟ ದಿಕ್ಸೂಚಿ, ಯಾವುದೋ ದೇಶದ ನಾಣ್ಯ, ಹಿತ್ತಾಳೆಯ ಗೆಜ್ಜೆ ಇಟ್ಟ. ನಾನು ನಮ್ಮ ಅಂಗಡಿಯ ಒಂದು ಕುಂಕುಮದ ಭರಣಿ ಇಟ್ಟೆ. ತೆಳು ಮಾಲಲ್ಲ, ಒಳ್ಳೆಯದೇ.

ಮೊಳಕಾಲ್ಮೂರಿನಲ್ಲಿ ನಮ್ಮದೊಂದು ಚಿಕ್ಕ ಅಂಗಡಿ ಇತ್ತು. ವಾರಕ್ಕೊಮ್ಮೆ ವ್ಯಾನಿನಲ್ಲಿ ಮಾಲು ತುಂಬಿಕೊಂಡು ಹೋಗುತ್ತಿದ್ದವನಿಗೆ ದಾರಿಯಲ್ಲಿ ಇಳಿದು ಡಬ್ಬಿ ನೋಡುವುದು ಒಂದು ಖುಷಿಯಾಯಿತು. ಮೊದಮೊದಲು ಎಷ್ಟು ಚೆಂದದ ವಸ್ತುಗಳು ಬಂದವು ಎಂದು ಹೇಳಬೇಕು. ಬೈಕಿನಲ್ಲಿ ಊರೂರು ತಿರುಗುವವರು, ನಮ್ಮ ಕಡೆಯ ಹಳೆಯ ಶಾಸನ ನೋಡಲು ಬಂದವರು, ಗಾಳಿ ಕಂಬದ ಕೆಲಸದವರು ಹುಡುಕಿಕೊಂಡು ಬರುತ್ತಿದ್ದರು. ಒಮ್ಮೆ ಮೊಳಕಾಲ್ಮೂರು ರೇಷ್ಮೆಯ ಚೂರುಗಳಿಂದ ಹೊಲಿದ ಅಂಗೈಯಗಲದ ಚೀಲವೊಂದು ಇತ್ತು. ಇನ್ನೊಮ್ಮೆ ಮರದಲ್ಲಿ ಕೆತ್ತಿದ ಆಮೆ. ನನ್ನ ಕುಂಕುಮದ ಭರಣಿ ಹೋಗಿ, ಆ ಜಾಗದಲ್ಲಿ ಸಮುದ್ರದ ಕಪ್ಪೆಚಿಪ್ಪೊಂದು ಬಂದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮುಖ ನೋಡದ ಯಾರೋ ನನ್ನ ವಸ್ತುವಿಗೆ ಬೆಲೆ ಕಟ್ಟಿದ್ದರು, ಮೋಸ ಮಾಡಿರಲಿಲ್ಲ. ಅಂಗಡಿಯಲ್ಲಿ ದಿನವಿಡೀ ಚೌಕಾಸಿ ಕೇಳುವ ಕಿವಿಗೆ ಇದು ತಂಪಾಗಿತ್ತು.

ವರ್ಷ ಕಳೆಯುವುದರೊಳಗೆ ಆ ಹುಡುಗನಿಗೆ ಗುಜರಾತಿನ ಕಡೆಗೆ ವರ್ಗವಾಯಿತು. ಹೊರಡುವಾಗ, "ಅಣ್ಣಾ, ಡಬ್ಬಿ ನೀವೇ ನೋಡಿಕೊಳ್ಳಿ" ಎಂದ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ಆ ಬಂಡೆ ಸಂದಿಯ ಯಜಮಾನಿಕೆ ನನಗೆ ಬಂತು.

ನನ್ನ ಯಜಮಾನಿಕೆಯಲ್ಲಿ ಅದು ಹಾಳಾದ ವೇಗವನ್ನೂ ಹೇಳಿಬಿಡುತ್ತೇನೆ. ಮರದ ಆಮೆ ಹೋಗಿ ಯಾವುದೋ ಅಂಗಡಿಯ ಜಾಹೀರಾತಿನ ಕೀಚೈನು ಬಂತು. ಕೀಚೈನು ಹೋಗಿ ಶಾಂಪೂ ಸ್ಯಾಷೆ ಬಂತು. ರೇಷ್ಮೆ ಚೀಲ ಹೋದಾಗ ಬಂದದ್ದು ಬಸ್ ಟಿಕೆಟ್ಟು, ಅದೂ ಮಡಚಿ ಮಡಚಿ ಕಿವಿ ಕೆರೆದುಕೊಂಡದ್ದು! ಮುಗಿದ ಬ್ಯಾಟರಿ, ಶರಟಿನ ಗುಂಡಿ, ಗುಟ್ಕಾದ ಖಾಲಿ ಪಾಕೀಟು. ಬಂದವರು ಹೆಸರು ಬರೆದು ಹೋಗಲಿ ಎಂದು ದಾರ ಕಟ್ಟಿ ಒಂದು ಪೆನ್ನು ಇಟ್ಟಿದ್ದೆ. ದಾರ ಉಳಿಯಿತು. ವಾರವಾರವೂ ಕಸ ತೆಗೆದು, ನಮ್ಮ ಅಂಗಡಿಯ ಚಮಚ, ಪುಟ್ಟ ಬಟ್ಟಲು, ದೀಪದ ಹಣತೆ ಇಟ್ಟು ಬರುತ್ತಿದ್ದೆ. ಮುಂದಿನ ವಾರ ಮತ್ತೆ ಕಸ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇದರ ಮಧ್ಯೆ ಒಂದು ಸಲ ಡಬ್ಬಿ ತೆರೆದರೆ ತುಂಬಾ ಶೇಂಗಾ, ಅದರ ತುಂಬಾ ಕಟ್ಟಿರುವೆ. ಕ್ಲಿಪ್ಪು ಸರಿಯಾಗಿ ಹಾಕಿರಲಿಲ್ಲ. ಕೈ ಕೊಡವುತ್ತಾ ಬೈಯುತ್ತಿರುವಾಗ ಕುರಿ ಕಾಯುವ ಮುದುಕನೊಬ್ಬ ಮೇಲಿನ ಬಂಡೆಯಿಂದ ಇಳಿದು ಬಂದ. ಆ ಕಡೆಯವರ ಮಾತಿನಲ್ಲಿ ತೆಲುಗು ಬೆರೆತಿರುತ್ತದೆ.

"ಏಮಿ ಸ್ವಾಮಿ, ನಿಮ್ದಾ ಡಬ್ಬಿ? ಮೊನ್ನೆ ನೋಡ್ದೆ, ಖಾಲಿ ಇತ್ತು. ಬರೀ ಪಾತ್ರೆ ಹೆಂಗೆ ಬಿಡೋದು ಅಂತ ಒಂದಿಷ್ಟು ಶೇಂಗಾ ಹಾಕ್ದೆ."

"ಖಾಲಿ ಎಲ್ಲಿತ್ತಜ್ಜ? ಚಮಚ ಇಟ್ಟಿದ್ನಲ್ಲ?"

"ಲೇದು ಸ್ವಾಮಿ, ಏನೂ ಇರ್ಲಿಲ್ಲ" ಎಂದ. ಇಡೀ ವರ್ಷದಲ್ಲಿ ಏನನ್ನೂ ತೆಗೆದುಕೊಳ್ಳದೆ ಇಟ್ಟವನು ಅವನೊಬ್ಬನೇ, ಅವನ ಮೇಲೆಯೇ ನಾನು ರೇಗಿದ್ದೆ.

ಮನೆಗೆ ಬಂದು ಈ ಕಸದ ಪುರಾಣ ಹೇಳಿದರೆ ಅವ್ವ ನಗುತ್ತಿದ್ದಳು. "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ಲಿಗೋಗಿ ಮೊಳ ಹಾಕಿದ್ರಂತೆ, ಹಂಗಾತು ನಿಂದು. ಇಟ್ಟಿದ್ದನ್ನ ಅಳೀತಾ ಕುಂತ್ರೆ ಮುಗೀತು."

"ಅಳೀಬೇಕು ಕಣವ್ವ, ಸಮ ಇಡ್ಬೇಕು ಅನ್ನೋದೇ ಅಲ್ಲಿ ಕಾನೂನು" ಎನ್ನುತ್ತಿದ್ದೆ.

"ಇಡೋರು ಅಳೀಬೇಕು. ನೋಡೋರಲ್ಲ" ಎನ್ನುತ್ತಿದ್ದಳು.

ಮುಂದಿನ ಬೇಸಿಗೆಗೆ ಮುಂಚೆ ಸೋದರಮಾವನ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಅವ್ವನನ್ನು ಕೊಂಡ್ಲಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಊಟ ಮುಗಿಸಿ, ಅಪ್ಪ ಹೋದ ಮೇಲೂ ತವರಿನವರು ಮನೆಮಗಳೆಂದು ಬಿಡದೆ ತುಂಬುವ ಉಡಿ ತುಂಬಿಸಿಕೊಂಡು ಹೊರಟಾಗ, "ಆ ನಿನ್ನ ಡಬ್ಬಿ ಎಲ್ಲೈತೆ, ನಂಗೂ ತೋರ್ಸೋ" ಎಂದಳು. ವ್ಯಾನು ನಿಲ್ಲಿಸಿ ಕೈಹಿಡಿದು ಹತ್ತಿಸಿದೆ. ಒಂದು ಬಂಡೆಯ ನೆರಳಿಗೆ ಕೂತು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ನಾನು ಎಂದಿನಂತೆ ಕಸವನ್ನೆಲ್ಲಾ ಎತ್ತಿ ಚೀಲಕ್ಕೆ ಹಾಕಿದೆ. ಅಡಿಯಲ್ಲಿ, ಯಾವ ಪುಣ್ಯಾತ್ಮ ಇಟ್ಟಿದ್ದನೋ, ಚರ್ಮದ ಕವಚದಲ್ಲಿ ಮಡಚಿಡುವ ಒಂದು ಭೂತಗನ್ನಡಿ ಇತ್ತು. ಅವ್ವನ ಕಣ್ಣಿನ ಪೊರೆ ತೆಗೆಸಿ ಕೆಲವು ವರ್ಷವಾಗಿತ್ತು. ಕನ್ನಡಕ ಹಾಕಿದರೂ ಸೂಜಿಯ ಕಣ್ಣು, ಅಕ್ಕಿಯಲ್ಲಿನ ಕಲ್ಲು ಕಾಣುತ್ತಿರಲಿಲ್ಲ. ಸೊಸೆ ಮತ್ತೆ ಆರಿಸುತ್ತಾಳೆ ಎಂದು ಗೊತ್ತಿದ್ದೂ ಮೊರ ಹಿಡಿದು ಕೂರುತ್ತಿದ್ದಳು. ಈಗ ಆ ಗಾಜನ್ನು ತನ್ನ ಅಂಗೈಯ ಮೇಲೆ ಹಿಡಿದು ಬಗ್ಗಿ ನೋಡಿದಳು.

"ಲೇ ತಮ್ಮ, ನನ್ನ ಕೈಯಾಗೆ ಇಷ್ಟೊಂದು ಗೆರೆ ಅವೇನೋ?"

ಕೈ ನೋಡಿ ಮುಗಿದ ಮೇಲೆ ಸೀರೆಯ ಅಂಚು, ಪಕ್ಕದ ಹುಲ್ಲು, ಬಂಡೆಯ ಮೇಲೆ ಹರಿಯುತ್ತಿದ್ದ ಇರುವೆ ಎಲ್ಲವನ್ನೂ ನೋಡಿದಳು. ಅವಳು ಹಾಗೆ ಕಣ್ಣರಳಿಸಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. "ತಗಾ ಅವ್ವ, ಬದಲಿಗೆ ವ್ಯಾನಿನಾಗೆ ಚಮಚದ ಸೆಟ್ ಐತೆ, ತಂದಿಡ್ತೀನಿ" ಎಂದು ಇಳಿದು ಹೋದೆ. ತಂದಾಗ ಅವಳು ಆಗಲೇ ಡಬ್ಬಿಯ ಕ್ಲಿಪ್ಪು ಹಾಕಿ ಸಂದಿಯೊಳಗೆ ತಳ್ಳಿದ್ದಳು.

"ನಾನು ಇಟ್ಟೀನಿ, ನಡಿ. ತಗಂಡೋಳು ನಾನು, ಇಡೋಳೂ ನಾನೇ."

ಉಡಿಯಲ್ಲಿ ಹಾಕಿದ್ದ ಕುಬುಸದ ಬಟ್ಟೆಯನ್ನು ಇಟ್ಟಿರಬೇಕು ಎಂದುಕೊಂಡೆ.

ಸಂಜೆ ಊಟವಾದ ಮೇಲೆ ಅವ್ವ ಎಲೆಯಡಿಕೆ ಚೀಲ ಬಿಚ್ಚಿದಳು. ಕೈ ಅಭ್ಯಾಸದಂತೆ ಒಳಗೆ ಹೋಗಿ, ಏನನ್ನೋ ತಡಕಿ, ನಿಂತಿತು. ಆಮೇಲೆ ನನ್ನ ಹೆಂಡತಿಗೆ, "ಸುಣ್ಣ ಒಂಚೂರು ಯಾತರಾಗಾರ ಹಾಕ್ಕೊಡವ್ವ" ಎಂದಳು. ಗುಡ್ಡದ ಡಬ್ಬಿಯಲ್ಲಿ ಅವಳು ಇಟ್ಟದ್ದು ಏನೆಂದು ನನಗೆ ಆಗ ಹೊಳೆಯಿತು.

ಅವ್ವನ ಸುಣ್ಣದ ಡಬ್ಬಿ ಬೆಳ್ಳಿಯದು. ನಿಂಬೆಹಣ್ಣಿನ ಹೋಳಿನಷ್ಟಿತ್ತು. ಮದುವೆಯಲ್ಲಿ ಅವಳ ಅವ್ವ ಕೊಟ್ಟದ್ದು. ಮುಚ್ಚಳದ ಮೇಲಿನ ಹೂವು ಹೆಬ್ಬೆರಳು ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಮೈಮೇಲಿನ ಒಡವೆಯನ್ನೆಲ್ಲಾ ಸೊಸೆಗೆ ಬಿಚ್ಚಿಕೊಟ್ಟವಳು ತನ್ನದೆಂದು ಇಟ್ಟುಕೊಂಡಿದ್ದು ಇದೊಂದನ್ನೇ.

"ಯಾಕವ್ವ ಹಂಗ್ ಮಾಡ್ದೆ? ಆ ಕುಬುಸದ ಬಟ್ಟೆ ಇಟ್ಟಿದ್ರೆ ಆಗ್ತಿರ್ಲಿಲ್ವಾ?"

"ಅದನ್ನ ಇಡಾಕಾಗುತ್ತೇನೋ? ಉಡಿಗೆ ಹಾಕೋ ಬಟ್ಟೆ ಯಾರು ಹೊಲಿಸ್ತಾರೆ? ಅವರಿಂದ ನಮಗೆ, ನಮ್ಮಿಂದ ಇನ್ನೊಬ್ಬರಿಗೆ ಸುತ್ತುತಾ ಇರುತ್ತೆ. ಆ ಗಾಜು ನಂಗೆ ಕಣ್ಣು ಕೊಡ್ತು. ಅದಕ್ಕೆ ಸಮ ಅಂತ ಅಲ್ಲಿ ನನ್ನತ್ರ ಇದ್ದಿದ್ದು ಅದೊಂದೇ."

"ನಾಳೆ ಹೋಗಿ ತರ್ತೀನಿ."

"ತರೋದಾದ್ರೆ ಗಾಜು ವಾಪಸ್ ಇಟ್ಟು ಬಾ" ಎಂದಳು. ಹಾಗೆ ಹೇಳುವಾಗ ಗಾಜು ಅವಳ ಮುಷ್ಟಿಯಲ್ಲೇ ಇತ್ತು. ಅದನ್ನು ಕಿತ್ತುಕೊಂಡು ಹೋಗುವ ಮಗ ನಾನಲ್ಲ.

ನನ್ನ ವ್ಯಾಪಾರದ ಬುದ್ಧಿ ಒಂದು ದಾರಿ ಕಂಡುಕೊಂಡಿತು. ಆಟದ ಕಾನೂನಿನಂತೆಯೇ, ಬೆಳ್ಳಿಯ ಡಬ್ಬಿಗೆ ಸಮನಾದ ಇನ್ನೊಂದು ಬೆಳ್ಳಿಯ ವಸ್ತುವನ್ನು ಇಟ್ಟು ಅದನ್ನು ನಾನೇ ತೆಗೆದುಕೊಂಡರಾಯಿತು. ಆಗ ಯಾರಿಗೂ ಮೋಸವಿಲ್ಲ. ಆದರೆ ಮರುದಿನದಿಂದ ಲಗ್ನದ ಮುಹೂರ್ತಗಳು. ಅಂಗಡಿಯಲ್ಲಿ ಜನವೋ ಜನ. ಹೆಸರು ಕೆತ್ತುವ ಮಿಷನ್ನಿನ ಮುಂದಿನಿಂದ ಏಳಲು ಆಗಲಿಲ್ಲ. ಆ ಗುಡ್ಡಕ್ಕೆ ಯಾರು ದಿನಾ ಬರುತ್ತಾರೆ ಎಂಬ ಧೈರ್ಯವೂ ಇತ್ತು. ಜನ ಇಳಿದ ಮೇಲೆ ಒಂದು ಬೆಳ್ಳಿಯ ಕುಂಕುಮದ ಬಟ್ಟಲು ಕೊಂಡು ಓಡಿದೆ.

ಡಬ್ಬಿ ತೆರೆದೆ. ಸುಣ್ಣದ ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ಇನ್ನೇನೂ ಇರಲಿಲ್ಲ. ಒಂದು ಗುಂಡಿ, ಒಂದು ಬಸ್ ಟಿಕೆಟ್ಟು ಕೂಡ ಇರಲಿಲ್ಲ. ಡಬ್ಬಿಯನ್ನು ತಲೆಕೆಳಗು ಮಾಡಿ ತಟ್ಟಿದೆ, ಸಂದಿಯೊಳಗೆ ಭುಜದವರೆಗೂ ಕೈ ಹಾಕಿದೆ, ಸುತ್ತಲಿನ ಕಲ್ಲುಗಳನ್ನೆಲ್ಲಾ ಸರಿಸಿದೆ. ದೊಡ್ಡ ಗಂಡಸು ಎನ್ನುವುದನ್ನೂ ಮರೆತು ಅಲ್ಲೇ ಕೂತು ಅತ್ತೆ. ಯಾರನ್ನು ಹಿಡಿಯುವುದು, ಯಾರನ್ನು ಕೇಳುವುದು? ತೆಗೆದುಕೊಳ್ಳಿ ಎಂದು ಇಟ್ಟ ಡಬ್ಬಿಯಿಂದ ತೆಗೆದುಕೊಂಡದ್ದಕ್ಕೆ ಕಳ್ಳತನ ಎಂದು ಯಾವ ಠಾಣೆಯಲ್ಲಿ ಬರೆದುಕೊಳ್ಳುತ್ತಾರೆ?

ಅವ್ವನಿಗೆ ಹೇಳದೆ ವಿಧಿ ಇರಲಿಲ್ಲ. ಅವಳು ಮೊರದಲ್ಲಿನ ಅಕ್ಕಿಯ ಮೇಲೆ ಗಾಜು ಹಿಡಿದುಕೊಂಡೇ ಕೇಳಿದಳು.

"ಏನಿಟ್ಟವ್ರೆ?"

"ಏನೂ ಇಟ್ಟಿಲ್ಲವ್ವ."

"ಏನೂ ಇಟ್ಟಿಲ್ವಾ?" ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಆಚೆ ಹಾಕಿದಳು. "ಹಂಗಾದ್ರೆ ತಂದಿಡ್ತಾರೆ ಬಿಡು. ಬೆಳ್ಳಿ ನೋಡವ್ರೆ. ಅದಕ್ಕೆ ಸಮ ಅವ್ರ ಕೈಲಿ ಆಗ ಇರ್ಲಿಲ್ಲ. ಕೆಟ್ಟೋರಾಗಿದ್ರೆ ಏನಾರ ಕಸ ಇಟ್ಟು ಹೋಗೋರು."

ಏನನ್ನೂ ಇಡದೆ ಹೋದದ್ದೇ ಅವರ ಮರ್ಯಾದೆಗೆ ಸಾಕ್ಷಿ ಎಂದು ಅವ್ವ ತೀರ್ಮಾನ ಮಾಡಿದ್ದಳು. ಗೂಡಿನಲ್ಲಿ ಬಟ್ಟಲು ಇಟ್ಟುಕೊಂಡು ಹೋಳಿಗೆಗೆ ತಕ್ಕದ್ದಕ್ಕಾಗಿ ಕಾಯುವುದು ಅವಳಿಗೆ ಗೊತ್ತಿತ್ತು. ಜಗತ್ತಿನವರೆಲ್ಲಾ ಹಾಗೇ ಕಾಯುತ್ತಾರೆ ಎಂದು ನಂಬಿದ್ದಳು.

ಚಳ್ಳಕೆರೆಯ ಬೆಳ್ಳಿ ಅಂಗಡಿಗಳಲ್ಲಿ ವಿಚಾರಿಸಿದೆ. ಮೊಳಕಾಲ್ಮೂರಿನಲ್ಲಿ ಹಳೆ ಬೆಳ್ಳಿ ಕೊಳ್ಳುವ ಸಾಹೇಬರೊಬ್ಬರು ನನಗೆ ಪರಿಚಯ. "ಐಸಾ ಮಾಲ್ ನಹೀಂ ಆಯಾ ಭಾಯ್. ಬಂದ್ರೆ ಕರಗಿಸೋಕೆ ಮುಂಚೆ ನಿಮ್ಗೆ ತೋರಿಸ್ತೀನಿ" ಎಂದರು. ತೋರಿಸುವಂಥದ್ದು ಬರಲಿಲ್ಲ. ಗುಜರಾತಿಗೆ ಹೋಗಿದ್ದ ಹುಡುಗನಿಗೂ ಫೋನ್ ಮಾಡಿದೆ. ಅವನು ಬಹಳ ನೊಂದುಕೊಂಡ. "ಎಲ್ಲಾ ಕಡೆ ಹೀಗೇ ಅಣ್ಣಾ. ಮೊದಲು ಒಳ್ಳೇದಿರ್ತದೆ, ಆಮೇಲೆ ಕಸ. ನನ್ನ ಬೇರೆ ಡಬ್ಬಿಗಳಲ್ಲೂ ಹೀಗೇ ಆಯ್ತು" ಎಂದ. ಅವ್ವನಿಗೆ ಅಂಥದೇ ಹೊಸದು ಕಳಿಸುತ್ತೇನೆ ಎಂದೂ ಹೇಳಿದ. ಅಂಥದು ಸಿಗುವುದಾಗಿದ್ದರೆ ನಾನೇ ತರುತ್ತಿರಲಿಲ್ಲವೇ? ಹೊಸ ಬೆಳ್ಳಿಯದೊಂದನ್ನು ತಂದೂ ಇದ್ದೆ. ಅವ್ವ ಅದನ್ನು ಸೊಸೆಯ ಕೈಗೆ ಕೊಟ್ಟು, ತಾನು ಪ್ಲಾಸ್ಟಿಕ್ಕಿನ ಡಬ್ಬಿಯಿಂದಲೇ ಸುಣ್ಣ ತೆಗೆದುಕೊಳ್ಳುತ್ತಿದ್ದಳು.

"ಎರಡೆರಡು ಯಾಕೆ ನಂಗೆ? ಅವ್ರು ತಂದಿಟ್ಟಾಗ ಇದೆಲ್ಲಿಡ್ಲಿ?"

ವಾರವಾರವೂ ನಾನು ಮೊಳಕಾಲ್ಮೂರಿನಿಂದ ಬರುವುದನ್ನೇ ಕಾಯುತ್ತಿದ್ದಳು. ಚಪ್ಪಲಿ ಬಿಡುವುದರೊಳಗೆ, "ಬಂದಿದ್ರಾ?" ಎನ್ನುತ್ತಿದ್ದಳು. ಇಲ್ಲ ಎಂದರೆ ಅವರ ಪರವಾಗಿ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ಮನೆಯಲ್ಲಿ ಏನೋ ತಾಪತ್ರಯ ಇರಬೇಕು. ಬಿತ್ತನೆ ಸಮಯ, ಪುರುಸೊತ್ತಿಲ್ಲ. ದೂರದವರಿರಬೇಕು, ಮತ್ತೆ ಈ ಕಡೆ ಬಂದಾಗ ಇಡುತ್ತಾರೆ. ಕಾರಣ ಹೇಳಿ ಮುಗಿಸಿದ ಮೇಲೂ ಅವಳ ಹೆಬ್ಬೆರಳು ಇಲ್ಲದ ಮುಚ್ಚಳವನ್ನು ಉಜ್ಜುವ ಹಾಗೆ ತೋರುಬೆರಳಿನ ಮೇಲೆ ಆಡುತ್ತಿತ್ತು. ಅದನ್ನು ನೋಡಲಾರದೆ ಒಳಗೆ ಹೋಗುತ್ತಿದ್ದೆ.

ಕೊನೆಗೊಂದು ದಿನ ರೋಸಿಹೋಗಿ ಹೇಳಿದೆ. "ಸಾಕವ್ವ. ನಾಳೆ ಆ ಡಬ್ಬಿ ಎತ್ಕಂಡು ಬರ್ತೀನಿ. ಊರ ಉಸಾಬರಿ ನಂಗೆ ಬ್ಯಾಡ."

ಅವ್ವ ಗಾಬರಿಯಾಗಿ ಮೊರ ಕೆಳಗಿಟ್ಟಳು. "ಎತ್ತಬ್ಯಾಡ್ವೋ! ಡಬ್ಬಿ ಎತ್ತಿದ್ರೆ ತಂದೋರು ಎಲ್ಲಿಡ್ತಾರೆ? ಹುಡುಕಿ ಹುಡುಕಿ ವಾಪಸ್ ಹೋಗಲ್ವಾ ಪಾಪ?"

ಎತ್ತಲಿಲ್ಲ. ಎತ್ತುವ ಶ್ರಮವನ್ನು ಬೇರೆಯವರೇ ತಪ್ಪಿಸಿದರು. ಮುಂಗಾರು ಮುಗಿಯುವ ಹೊತ್ತಿಗೆ ಒಂದು ದಿನ ಹೋದರೆ ಸಂದಿಯಲ್ಲಿ ಡಬ್ಬಿಯೇ ಇಲ್ಲ. ಒ‌ಳಗಿದ್ದ ಆ ವಾರದ ಕೀಚೈನು, ಬ್ಯಾಟರಿ, ಪಾಕೀಟುಗಳನ್ನೆಲ್ಲಾ ಬಂಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಹಾರಿಹೋಗದ ಹಾಗೆ ಮೇಲೊಂದು ಕಲ್ಲು ಹೇರಿ ಇಟ್ಟಿದ್ದರು. ಇದ್ದ ವಸ್ತುಗಳಲ್ಲೆಲ್ಲಾ ಒಳ್ಳೆಯದು ಯಾವುದು ಎಂದು ನೋಡಿ, ಸರಿಯಾಗಿಯೇ ಆರಿಸಿಕೊಂಡಿದ್ದರು. ಅಂಥ ಗೇಜಿನ ಮಾಲು ಈಗ ಎಲ್ಲಿ ಸಿಗುತ್ತದೆ?

ಅಂಗಡಿಯವನಿಗೆ ಡಬ್ಬಿಗೇನು ಬರ? ಮುಂದಿನ ವಾರ ಇನ್ನೊಂದು ಒಯ್ದಿಟ್ಟೆ. ಈ ಸಲ ದಪ್ಪನೆಯದನ್ನು ಇಡುವಷ್ಟು ದೊಡ್ಡ ಮನಸ್ಸು ನನಗೂ ಬರಲಿಲ್ಲ. ತೆಳ್ಳನೆಯದೇ ಆದರೂ ಅದೂ ಹೋಯಿತು. ಮೂರನೆಯದು ಪ್ಲಾಸ್ಟಿಕ್ಕಿನದು, ಅದನ್ನು ಯಾರೋ ಕಲ್ಲಿನಿಂದ ಜಜ್ಜಿ ಹೋಗಿದ್ದರು. ಅಲ್ಲಿಗೆ ಕೈ ಚೆಲ್ಲಿದೆ.

ಅವ್ವನಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಆ ಹೊತ್ತಿಗೆ ಅವಳಿಗೆ ಉಬ್ಬಸ ಹೆಚ್ಚಾಗಿ ಹಾಸಿಗೆ ಬಿಟ್ಟು ಏಳುವುದು ಕಡಿಮೆಯಾಗಿತ್ತು. ಆದರೂ ಮೊಳಕಾಲ್ಮೂರಿನ ವಾರ ಮಾತ್ರ ಮರೆಯುತ್ತಿರಲಿಲ್ಲ. "ಇಲ್ಲೇ ಕೂತು ಇಲ್ಲ ಅಂದ್ರಾಯ್ತು, ಅಲ್ಲಿಗೆ ಹತ್ತಿ ಹೋಗೋದು ಯಾಕೆ?" ಎಂದು ಹೆಂಡತಿ ಹೇಳುತ್ತಿದ್ದಳು. ಅವಳು ಹೇಳಿದ್ದು ಸರಿ. ಆದರೆ ಹೋಗಿ ನೋಡದೆ ಅವ್ವನ ಮುಖ ನೋಡಿ ಇಲ್ಲ ಎನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಡಬ್ಬಿಯೇ ಇಲ್ಲದ ಗುಡ್ಡದ ಕೆಳಗೆ ವಾರವಾರವೂ ವ್ಯಾನು ನಿಲ್ಲಿಸಿದೆ, ಹತ್ತಿದೆ, ನೋಡಿದೆ, ಇಳಿದೆ.

ಒಂದು ಸಂಜೆ ಎಂದಿನ ಪ್ರಶ್ನೆ ಕೇಳಿ, ಎಂದಿನ ಉತ್ತರ ಕೇಳಿಸಿಕೊಂಡು, ಅವ್ವ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ನಾನಿಲ್ದಾಗ ತಂದಿಟ್ರೆ ನೀನೇ ತಗಳಪ್ಪ. ಅವ್ರು ಎದುರಿಗೆ ಸಿಕ್ಕರೂ ಸಿಗಬೌದು. ಏನೇ ತಂದಿರ್ಲಿ, ಇದು ಕಡಿಮೆ ಆತು ಅಂತ ಮಾತ್ರ ಅನ್ಬ್ಯಾಡ. ನಿನ್ನ ಬಾಯಿ ನಂಗೊತ್ತು."

"ಅನ್ನಲ್ಲವ್ವ" ಎಂದೆ.

ಮುಂದಿನ ವಾರ ಮತ್ತೆ ಹೋಗಿ, ಏನೂ ಇಲ್ಲದ ಆ ಸಂದಿಗೆ ಕೈ ಹಾಕಿ ನೋಡಿ ಬಂದೆ.